ಗಲ್ಲಾಪೆಟ್ಟಿಗೆಯ ಹಿಂದಿನ ಕಿವಿ

ಬೀಟಲ್ಸ್ ತಂಡದ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್‌ನ ಆತ್ಮಕಥೆ ಪ್ರಕಟವಾದದ್ದು 1964ರಲ್ಲಿ. 'ಎ ಸೆಲರ್‌ಫುಲ್ ಆಫ್ ನಾಯ್ಸ್' ಎಂಬ ಅದರ ಹೆಸರನ್ನು ಕನ್ನಡಕ್ಕೆ ತಂದರೆ 'ಸದ್ದು ತುಂಬಿದ ನೆಲಮಾಳಿಗೆ' ಎಂದಾಗುತ್ತದೆ. ನೆಲಮಾಳಿಗೆಯೆಂದರೆ ಲಿವರ್‌ಪೂಲಿನ ಕ್ಯಾವರ್ನ್ ಕ್ಲಬ್. ಸದ್ದು ಯಾರದೆಂದು ಬೇರೆ ಹೇಳಬೇಕಾಗಿಲ್ಲ. ಬ್ರಯಾನ್ ಹೇಳುತ್ತ ಹೋದದ್ದನ್ನು ಪತ್ರಕರ್ತ ಡೆರೆಕ್ ಟೇಲರ್ ಬರೆದುಕೊಟ್ಟ ಪುಸ್ತಕವಿದು. ಇದನ್ನು ಕೈಗೆತ್ತಿಕೊಳ್ಳುವವರು ಬಹುಮಟ್ಟಿಗೆ ಬೀಟಲ್ಸ್‌ಗಾಗಿ ಎತ್ತಿಕೊಳ್ಳುತ್ತಾರೆ. ನಾನೂ ಹಾಗೆಯೇ ಎತ್ತಿಕೊಂಡೆ. ಆದರೆ ಓದುತ್ತ ಹೋದಂತೆ ನನ್ನ ಗಮನ ನೆಲಮಾಳಿಗೆಯನ್ನು ಬಿಟ್ಟು ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆಯಷ್ಟು ದೂರವಿದ್ದ ಒಂದು ಅಂಗಡಿಯತ್ತ ಹೊರಳಿತು. ರೇಡಿಯೋ, ಟೆಲಿವಿಷನ್, ಪಿಯಾನೋ, ಗ್ರಾಮಫೋನ್ ರೆಕಾರ್ಡ್ ಮಾರುತ್ತಿದ್ದ ಆ ಅಂಗಡಿಯ ಹೆಸರು ನೆಮ್ಸ್. ಅದು ಬ್ರಯಾನನ ಮನೆಯವರ ಅಂಗಡಿ.

ಕಲೆಯ ಚರಿತ್ರೆ ಬರೆಯುವವರಿಗೆ ಅಂಗಡಿಯೆಂದರೆ ಏನೋ ಸಂಕೋಚ. ಕಲಾವಿದನ ಬಡತನ, ಗುರುವಿನ ಮನೆ, ಸ್ಟುಡಿಯೋ, ರಂಗಸ್ಥಳ ಇವೆಲ್ಲ ಕಥೆಯೊಳಗೆ ಸಲೀಸಾಗಿ ಬರುತ್ತವೆ. ಲೆಕ್ಕದ ಪುಸ್ತಕ ಮತ್ತು ದಾಸ್ತಾನು ಕೋಣೆಗಳಿಗೆ ಬಾಗಿಲಲ್ಲೇ ತಡೆ. ಹಾಗಾಗಿ ಬ್ರಯಾನ್ ಎಪ್‌ಸ್ಟೈನ್‌ನ ಕಥೆಯನ್ನು ಹೇಳುವಾಗ ಅಂಗಡಿ ಒಂದು ಮುನ್ನುಡಿಯಷ್ಟೇ ಆಗಿಬಿಡುತ್ತದೆ. ಒಬ್ಬ ಶ್ರೀಮಂತ ವ್ಯಾಪಾರಿಯ ಮಗ, ಮನೆಯ ಉದ್ಯೋಗದಲ್ಲಿ ಬೇಸತ್ತವನು, ಒಂದು ಮಧ್ಯಾಹ್ನ ನೆಲಮಾಳಿಗೆಗೆ ಇಳಿದು ನಾಲ್ವರು ಪ್ರತಿಭಾವಂತರನ್ನು 'ಕಂಡುಹಿಡಿದ' ಎಂಬುದು ಜನಜನಿತವಾದ ಕಥನ. ಈ ಕಥನ ಸುಳ್ಳಲ್ಲ. ಆದರೆ ಕೇಳುವ ಕಿವಿ ಎಲ್ಲಿ ತಯಾರಾಯಿತು ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಆ ಕಿವಿ ತಯಾರಾದದ್ದು ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಗಿರಾಕಿಗಳ ಮಾತು ಕೇಳಿಸಿಕೊಳ್ಳುತ್ತ ಎಂಬುದು ನನ್ನ ವಾದ. ಆ ಕಿವಿಗೆ ಕೇಳಿಸದೆ ಹೋದ ಸಂಗತಿಗಳ ಮೂಲವೂ ಅದೇ ಅಂಗಡಿ.

ಮೊದಲು ಅಂಗಡಿಯ ಚರಿತ್ರೆಯನ್ನು ನೋಡೋಣ. ಬ್ರಯಾನನ ಅಜ್ಜ ಐಸಾಕ್ ಎಪ್‌ಸ್ಟೈನ್ 1890ರ ದಶಕದಲ್ಲಿ ಲಿಥುವೇನಿಯಾದಿಂದ ಇಂಗ್ಲೆಂಡಿಗೆ ವಲಸೆ ಬಂದ ಯಹೂದಿ. ಬಂದಾಗ ಹದಿನೆಂಟರ ಆಸುಪಾಸಿನ ಹುಡುಗ. 1901ರಲ್ಲಿ ಲಿವರ್‌ಪೂಲಿನಲ್ಲಿ ಪೀಠೋಪಕರಣಗಳ ವ್ಯಾಪಾರ ಶುರುಮಾಡಿದ. ಮಕ್ಕಳಾದ ಹ್ಯಾರಿ ಮತ್ತು ಲೆಸ್ಲಿ ಜೊತೆಗೂಡಿದ ಮೇಲೆ ಅಂಗಡಿಗೆ 'ಐ. ಎಪ್‌ಸ್ಟೈನ್ ಆ್ಯಂಡ್ ಸನ್ಸ್' ಎಂಬ ಹೆಸರಾಯಿತು. ವಾಲ್ಟನ್ ರಸ್ತೆಯಲ್ಲಿ ಪಕ್ಕದ ಮಳಿಗೆಗಳನ್ನೂ ತೆಗೆದುಕೊಂಡು ಅಂಗಡಿ ಬೆಳೆಯಿತು. ವಾದ್ಯಗಳು, ಗೃಹೋಪಯೋಗಿ ವಿದ್ಯುತ್ ಉಪಕರಣಗಳು ಬಂದವು. 'ನಾರ್ತ್ ಎಂಡ್ ಮ್ಯೂಸಿಕ್ ಸ್ಟೋರ್ಸ್' ಎಂಬ ಹೆಸರಿನ ಮೊದಲ ಅಕ್ಷರಗಳು ಸೇರಿ 'ನೆಮ್ಸ್' ಆಯಿತು.

ಕುರ್ಚಿ ಮೇಜು ಮಾರುವ ಅಂಗಡಿಗೆ ಪಿಯಾನೋ ಹೇಗೆ ಬಂತು ಎಂದು ಇವತ್ತಿನ ಓದುಗರಿಗೆ ಅನ್ನಿಸಬಹುದು. ಆ ಕಾಲದಲ್ಲಿ ಪಿಯಾನೋ ಒಂದು ವಾದ್ಯವಾಗಿರುವಷ್ಟೇ ಮನೆಯ ಹಜಾರದ ಪೀಠೋಪಕರಣವೂ ಆಗಿತ್ತು. ಆಮೇಲೆ ಬಂದ ರೇಡಿಯೋ ಕೂಡ ಅಷ್ಟೆ. ಮರದ ಪೆಟ್ಟಿಗೆಯೊಳಗೆ ಕೂತು, ಬೀರುವಿನ ಪಕ್ಕ ತನ್ನ ಜಾಗ ಹಿಡಿಯುತ್ತಿದ್ದ ವಸ್ತು. ಗ್ರಾಮಫೋನ್ ಬಂದರೆ ಅದಕ್ಕೆ ಹಾಕಲು ರೆಕಾರ್ಡ್ ಬೇಕು. ಹೀಗೆ ಮನೆಯ ಸಾಮಾನಿನ ಬೆನ್ನು ಹಿಡಿದು ಸಂಗೀತ ಅಂಗಡಿಯೊಳಗೆ ಬಂತು. ಅಂಥ ಅಂಗಡಿಗಳ ಬೆಳವಣಿಗೆಯ ಗುಟ್ಟು ಕಂತಿನ ವ್ಯಾಪಾರ. ಕೈಯಲ್ಲಿ ಪೂರ್ತಿ ಹಣವಿಲ್ಲದ ಕೆಲಸಗಾರರ ಮನೆಗೂ ಪಿಯಾನೋ ತಲುಪಿದ್ದು ಕಂತಿನ ದಾರಿಯಲ್ಲಿ. ನೆಮ್ಸ್ ಸಾಲದ ವಿಷಯದಲ್ಲಿ ಉದಾರವಾಗಿತ್ತು. ಪಾಲ್ ಮೆಕಾರ್ಟ್ನಿಯ ಮನೆಯ ಪಿಯಾನೋವನ್ನು ಅವನ ತಂದೆ ಕೊಂಡದ್ದು ಇದೇ ಅಂಗಡಿಯಲ್ಲಿ. ಬೀಟಲ್ಸ್ ಚರಿತ್ರೆಕಾರರು ಇದನ್ನು ಒಂದು ಸೋಜಿಗದ ಕಾಕತಾಳೀಯವೆಂಬಂತೆ ಹೇಳುತ್ತಾರೆ. ನನಗೆ ಇದು ಕಾಕತಾಳೀಯವಾಗಿ ಕಾಣುವುದಿಲ್ಲ. ಒಂದು ಊರಿನ ದುಡಿಯುವ ವರ್ಗದ ಮನೆಗಳಿಗೆ ಮೂವತ್ತು ನಲವತ್ತು ವರ್ಷ ವಾದ್ಯಗಳನ್ನು ಕಂತಿನ ಮೇಲೆ ಹಂಚಿದ ಅಂಗಡಿ, ಆ ಊರಿನಲ್ಲಿ ಹಾಡುವ ಒಂದು ತಲೆಮಾರು ಹುಟ್ಟಿಕೊಂಡಾಗ ಅದಕ್ಕೆ ತೀರ ಹೊರಗಿನದಾಗಿರಲು ಹೇಗೆ ಸಾಧ್ಯ?

ಬ್ರಯಾನ್ ಹುಟ್ಟಿದ್ದು 1934ರ ಸೆಪ್ಟೆಂಬರ್ 19ರಂದು, ಹ್ಯಾರಿ ಮತ್ತು ಕ್ವೀನಿ ದಂಪತಿಯ ಹಿರಿಯ ಮಗನಾಗಿ. ತಾಯಿಯ ಕಡೆಯವರೂ ಷೆಫೀಲ್ಡಿನಲ್ಲಿ ಪೀಠೋಪಕರಣದ ಉದ್ಯೋಗದವರೇ. ಅಂದಮೇಲೆ ಎರಡೂ ಕಡೆಯಿಂದ ಮರದ ಸಾಮಾನಿನ ವಾಸನೆಯಲ್ಲಿ ಬೆಳೆದ ಹುಡುಗ. ಒಂದಾದ ಮೇಲೊಂದು ಶಾಲೆ ಬದಲಾಯಿಸಿದ, ಎಲ್ಲೂ ನೆಲೆಯೂರಲಿಲ್ಲ. ಉಡುಪು ವಿನ್ಯಾಸಕನಾಗಬೇಕೆಂಬ ಆಸೆಯನ್ನು ತಂದೆ ಒಪ್ಪಲಿಲ್ಲ. ಹದಿನಾರು ತುಂಬುವ ಮುನ್ನವೇ, 1950ರಲ್ಲಿ, ವಾರಕ್ಕೆ 5 ಪೌಂಡ್ ಸಂಬಳದ ಮೇಲೆ ಮನೆಯ ಅಂಗಡಿಗೆ ಬಂದು ನಿಂತ. ಮೊದಲ ದಿನವೇ ಕನ್ನಡಿ ಕೊಳ್ಳಲು ಬಂದ ಹೆಂಗಸೊಬ್ಬಳಿಗೆ 12 ಪೌಂಡಿನ ಊಟದ ಮೇಜನ್ನು ಮಾರಿದೆನೆಂದು ಪುಸ್ತಕದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಶಾಲೆಯ ಬಗ್ಗೆ ಬರೆಯುವಾಗ ಕುಗ್ಗಿದ ದನಿ ಇಲ್ಲಿ ಮೊದಲ ಬಾರಿಗೆ ನೆಟ್ಟಗಾಗುತ್ತದೆ.

ಈ ಭಾಗದಲ್ಲಿ ಬರುವ ಒಂದು ಪ್ರಸಂಗದ ಮೇಲೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬಯಸುತ್ತೇನೆ. ಅಂಗಡಿಯ ಪ್ರದರ್ಶನ ಕಿಟಕಿಯನ್ನು ಅಲಂಕರಿಸುವ ಕೆಲಸ ಹುಡುಗನಿಗೆ ಸಿಗುತ್ತದೆ. ಅವನು ಊಟದ ಕುರ್ಚಿಗಳನ್ನು ಬೀದಿಯ ಕಡೆಗೆ ಬೆನ್ನು ಮಾಡಿ ಇಡುತ್ತಾನೆ. ಅಜ್ಜ ಐಸಾಕ್‌ಗೆ ಇದು ಹಿಡಿಸುವುದಿಲ್ಲ. ಕೊಳ್ಳಲು ಬಂದವನಿಗೆ ಸರಕಿನ ಮುಖ ಕಾಣಬೇಕೆಂಬುದು ಅವನು ಬದುಕಿನುದ್ದಕ್ಕೂ ಪಾಲಿಸಿಕೊಂಡು ಬಂದ ನಿಯಮ. ಮೊಮ್ಮಗನ ತರ್ಕ ಬೇರೆ. ಮನೆಯಲ್ಲಿ ಮೇಜಿನ ಸುತ್ತ ಕುರ್ಚಿಗಳು ಹೇಗಿರುತ್ತವೋ ಇಲ್ಲಿಯೂ ಹಾಗೇ ಇರಬೇಕು. ಕೋಣೆಗೆ ಕಾಲಿಟ್ಟಾಗ ನಮಗೆ ಕಾಣುವುದು ಕುರ್ಚಿಯ ಬೆನ್ನೇ. ಅಜ್ಜ ಮಾರುತ್ತಿದ್ದದ್ದು ಕುರ್ಚಿಯನ್ನು, ಹುಡುಗ ಮಾರಲು ಹೊರಟದ್ದು ಆ ಕುರ್ಚಿಯಿರುವ ಬದುಕನ್ನು. ವಲಸೆ ಬಂದ ಮೊದಲ ತಲೆಮಾರು ಮತ್ತು ಅಲ್ಲೇ ಹುಟ್ಟಿದ ಮೂರನೆಯ ತಲೆಮಾರಿನ ನಡುವಿನ ಅಂತರವೆಲ್ಲ ಆ ಗಾಜಿನ ಕಿಟಕಿಯೊಳಗಿದೆ. ಕಾದಂಬರಿಕಾರನೊಬ್ಬ ಇದನ್ನು ಬರೆದಿದ್ದರೆ ರೂಪಕ ಅತಿಯಾಯಿತೆಂದು ನಾವು ದೂರುತ್ತಿದ್ದೆವೋ ಏನೋ. ಮುಂದೆ ಇದೇ ಮನುಷ್ಯ ನಾಲ್ವರು ಹುಡುಗರ ಚರ್ಮದ ಅಂಗಿ ಬಿಡಿಸಿ ಸೂಟು ತೊಡಿಸಿದ, ರಂಗದ ಮೇಲೆ ತಿನ್ನಬೇಡಿ, ಸಿಗರೇಟು ಸೇದಬೇಡಿ ಎಂದ, ಹಾಡು ಮುಗಿದಾಗ ಒಟ್ಟಿಗೆ ಬಾಗಿ ವಂದಿಸಲು ಕಲಿಸಿದ. ವಿಮರ್ಶಕರು ಇದನ್ನು ಬಂಡಾಯವನ್ನು ಮಾರುಕಟ್ಟೆಗೆ ಪಳಗಿಸಿದ ಕ್ರಿಯೆಯೆಂದು ಜರೆದಿದ್ದಾರೆ. ಆ ಟೀಕೆಯಲ್ಲಿ ಹುರುಳಿದೆ. ಆದರೆ ಕಿಟಕಿಯ ಪ್ರಸಂಗವನ್ನು ನೆನಪಿಟ್ಟು ನೋಡಿದರೆ, ಒಂದು ವಸ್ತುವನ್ನು ಯಾವ ಕೋನದಿಂದ ತೋರಿಸಿದರೆ ಅದು ಜೀವಂತವಾಗುತ್ತದೆ ಎಂಬ ಹಳೆಯ ಹುಡುಕಾಟವೂ ಅದರಲ್ಲಿ ಕಾಣುತ್ತದೆ.

ಅಂಗಡಿಯಿಂದ ತಪ್ಪಿಸಿಕೊಳ್ಳುವ ಪ್ರಯತ್ನವೂ ನಡೆಯಿತು. ಮನೆಯವರು ಅವನನ್ನು ಬೇರೊಂದು ಪೀಠೋಪಕರಣ ಸಂಸ್ಥೆಯಲ್ಲಿ ಆರು ತಿಂಗಳು ಕೆಲಸ ಕಲಿಯಲು ಕಳಿಸಿದರು. ಆಮೇಲೆ ಕಡ್ಡಾಯ ಸೇನಾಸೇವೆ. 1956ರಲ್ಲಿ ಲಂಡನ್ನಿನ ಪ್ರಸಿದ್ಧ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್‌ಗೆ ನಟನೆ ಕಲಿಯಲು ಸೇರಿದ, ಮೂರು ಅವಧಿಗಳ ನಂತರ ಬಿಟ್ಟುಬಂದ. ನಟನಾಗಲಾರದೆ ಮರಳಿದ ಮಗನಿಗಾಗಿ ತಂದೆ ಹ್ಯಾರಿ ಒಂದು ದಾರಿ ಮಾಡಿಕೊಟ್ಟ. ನಗರದ ಮಧ್ಯಭಾಗದ ಗ್ರೇಟ್ ಷಾರ್ಲೆಟ್ ಬೀದಿಯಲ್ಲಿ ನೆಮ್ಸ್‌ನ ಹೊಸ ಶಾಖೆ ತೆರೆಯಿತು. ತಮ್ಮ ಕ್ಲೈವ್‌ಗೆ ಗೃಹೋಪಕರಣಗಳ ಉಸ್ತುವಾರಿ, ಬ್ರಯಾನ್‌ಗೆ ನೆಲಮಹಡಿಯ ರೆಕಾರ್ಡ್ ವಿಭಾಗ. ಇಬ್ಬರು ಮಕ್ಕಳ ಸ್ವಭಾವ ತಿಳಿದ ಅಪ್ಪನೊಬ್ಬ ಮಾಡಿದ ಹಂಚಿಕೆಯಿದು. ರೆಕಾರ್ಡ್ ವ್ಯಾಪಾರ ನಿರೀಕ್ಷೆ ಮೀರಿ ಬೆಳೆಯಿತು. 1959ರಲ್ಲಿ ಹತ್ತಿರದ ವೈಟ್‌ಚಾಪೆಲ್ ಬೀದಿಯಲ್ಲಿ ಇನ್ನೂ ದೊಡ್ಡ ಮಳಿಗೆ ಶುರುವಾಯಿತು. ಗಾಯಕ, ನಟ ಆಂಥನಿ ನ್ಯೂಲಿ ಬಂದು ಉದ್ಘಾಟಿಸಿದ.

ಗಮನಿಸಬೇಕಾದ ಸಂಗತಿಯೆಂದರೆ ಬ್ರಯಾನ್‌ಗೆ ಪಾಪ್ ಸಂಗೀತದಲ್ಲಿ ಅಂಥ ಒಲವೇನೂ ಇರಲಿಲ್ಲ. ಅವನದು ಶಾಸ್ತ್ರೀಯ ಸಂಗೀತದ ಅಭಿರುಚಿ. ಹಾಗಿದ್ದೂ ಯಾವ ಪಾಪ್ ಹಾಡು ಓಡುತ್ತದೆ ಎಂಬುದನ್ನು ಅವನು ಅಂದಾಜು ಮಾಡುತ್ತಿದ್ದ ರೀತಿ ಅಂಗಡಿಯವರಿಗೆ ಅಚ್ಚರಿ ತರುತ್ತಿತ್ತು. ಆ ಅಂದಾಜಿಗೆ ಬೇಕಾದ ಶಿಸ್ತನ್ನು ಅವನೇ ರೂಪಿಸಿಕೊಂಡ. ರೆಕಾರ್ಡುಗಳ ಕಡತಗಳಿಗೆ ಬಣ್ಣದ ನೂಲುಗಳನ್ನು ಕಟ್ಟಿಸಿದ. ಯಾವುದು ಮುಗಿಯುತ್ತ ಬಂದಿದೆ, ಯಾವುದನ್ನು ಮತ್ತೆ ತರಿಸಬೇಕು ಎಂಬುದು ನೂಲನ್ನು ನೋಡಿದೊಡನೆ ಗೊತ್ತಾಗುತ್ತಿತ್ತು. ಗಣಕಯಂತ್ರವಿಲ್ಲದ ಕಾಲದಲ್ಲಿ ಒಂದು ಊರಿನ ಅಭಿರುಚಿಯ ನಾಡಿ ಹಿಡಿದ ನೂಲುಗಳು ಅವು. ಇದರ ಜೊತೆಗೆ ಅವನದೊಂದು ಹಟವಿತ್ತು. ಯಾವ ಗಿರಾಕಿಯೂ 'ಇಲ್ಲ' ಎನ್ನಿಸಿಕೊಂಡು ಹೋಗಬಾರದು. ಕೇಳಿದ ರೆಕಾರ್ಡ್ ಅಂಗಡಿಯಲ್ಲಿಲ್ಲದಿದ್ದರೆ ಎಲ್ಲಿಂದಾದರೂ ತರಿಸಿಕೊಡಬೇಕು.

ಇಲ್ಲಿಯೇ ಅಂಗಡಿಯೊಂದು ವಿಮರ್ಶೆಯ ಜಾಗವಾಗುವ ಸಾಧ್ಯತೆ ತೆರೆಯುತ್ತದೆ. ವಿಮರ್ಶಕನಿಗೆ ಸ್ವಂತ ಅಭಿರುಚಿ ಬೇಕು ಎನ್ನುವುದನ್ನು ನಾವೆಲ್ಲ ಒಪ್ಪುತ್ತೇವೆ. ತನ್ನ ಅಭಿರುಚಿಯ ಆಚೆಗಿನದನ್ನೂ ಕೇಳಿಸಿಕೊಳ್ಳುವ ಸಾಮರ್ಥ್ಯ ಬೇಕು ಎನ್ನುವುದನ್ನು ಬಾಯಲ್ಲಿ ಒಪ್ಪಿದರೂ ಅಭ್ಯಾಸದಲ್ಲಿ ಮರೆಯುತ್ತೇವೆ. ಒಳ್ಳೆಯ ಅಂಗಡಿಕಾರನಿಗೆ ಈ ಮರೆವಿನ ಸೌಕರ್ಯವಿಲ್ಲ. ತಾನು ಮೆಚ್ಚದ ಹಾಡನ್ನು ಇನ್ನೊಬ್ಬರು ಏಕೆ ಮೆಚ್ಚುತ್ತಾರೆ ಎಂದು ಅವನು ದಿನವೂ ಕೇಳಿಕೊಳ್ಳಬೇಕು, ಉತ್ತರ ತಪ್ಪಿದರೆ ಸಂಜೆ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಅಂಗಡಿಯ ಇನ್ನೊಂದು ಮುಖ ರೆಕಾರ್ಡ್ ಕೇಳಿ ನೋಡುವ ಪುಟ್ಟ ಗೂಡುಗಳು. ಕೊಳ್ಳುವ ಮೊದಲು ಹಾಡನ್ನು ಅಲ್ಲಿ ನಿಂತು ಕೇಳಬಹುದಿತ್ತು. ಕಿಸೆಯಲ್ಲಿ ಕಾಸಿಲ್ಲದ ಹುಡುಗರು ಅಲ್ಲಿ ಕೇಳುತ್ತ ನಿಂತು, ಕೊಳ್ಳದೆ ಹೋಗುತ್ತಿದ್ದರು. ಬೀಟಲ್ಸ್ ಹುಡುಗರೂ ಆ ಗುಂಪಿನಲ್ಲಿದ್ದರು. ಅಮೆರಿಕದ ರಿದಮ್ ಆ್ಯಂಡ್ ಬ್ಲೂಸ್ ಹಾಡುಗಳನ್ನು, ರೆಕಾರ್ಡಿನ ಹಿಂಬದಿಯಲ್ಲಿದ್ದು ಯಾರೂ ಗಮನಿಸದ ಹಾಡುಗಳನ್ನು ಅವರು ನೆಮ್ಸ್‌ನಲ್ಲಿ ಕೇಳಿ ಕಲಿತರೆಂಬುದನ್ನು ಇತಿಹಾಸಕಾರ ಮಾರ್ಕ್ ಲೂಯಿಸನ್ 2013ರಲ್ಲಿ ಬಂದ ತನ್ನ 'ಟ್ಯೂನ್ ಇನ್' ಗ್ರಂಥದಲ್ಲಿ ವಿವರವಾಗಿ ಕಟ್ಟಿಕೊಟ್ಟಿದ್ದಾನೆ. ಅಂದರೆ ನೆಮ್ಸ್ ಆ ಊರಿನ ಹುಡುಗರಿಗೆ ಪುಕ್ಕಟೆ ಗ್ರಂಥಾಲಯವಾಗಿತ್ತು. ಬ್ರಯಾನ್ ಬೀಟಲ್ಸ್ ಹಾಡಿದ್ದನ್ನು ಕೇಳುವುದಕ್ಕೆ ಎಷ್ಟೋ ಮೊದಲು, ಬೀಟಲ್ಸ್ ಬ್ರಯಾನ್ ತರಿಸಿಟ್ಟದ್ದನ್ನು ಕೇಳಿದ್ದರು. 'ಕಂಡುಹಿಡಿದ' ಎಂಬ ಕ್ರಿಯಾಪದ ಇಲ್ಲಿ ಸಾಲದಾಗುತ್ತದೆ.

ಈಗ ಪುಸ್ತಕದ ಬಹುಚರ್ಚಿತ ಪ್ರಸಂಗಕ್ಕೆ ಬರೋಣ. 1961ರ ಅಕ್ಟೋಬರ್ 28, ಶನಿವಾರ. ತರುಣ ಗಿರಾಕಿಯೊಬ್ಬ ಬಂದು ಜರ್ಮನಿಯಲ್ಲಿ ತಯಾರಾದ 'ಮೈ ಬಾನಿ' ಎಂಬ ರೆಕಾರ್ಡ್ ಇದೆಯೇ ಎಂದು ಕೇಳಿದ. ಹಾಡಿದವರು ಬೀಟಲ್ಸ್ ಎಂದ. ಬ್ರಯಾನ್‌ಗೆ ಹೆಸರು ಪರಿಚಯವಿರಲಿಲ್ಲ. ಸೋಮವಾರ ವಿಚಾರಿಸಬೇಕೆಂದು ಬರೆದಿಟ್ಟುಕೊಂಡ. ವಿಚಾರಿಸಲು ಹೊರಟವನಿಗೆ ಆ ತಂಡ ಜರ್ಮನಿಯದಲ್ಲ, ತನ್ನ ಊರಿನದೇ, ಹತ್ತಿರದ ಕ್ಯಾವರ್ನ್‌ನಲ್ಲೇ ಹಾಡುತ್ತದೆ ಎಂದು ತಿಳಿಯಿತು. ನವೆಂಬರ್ 9ರ ಮಧ್ಯಾಹ್ನ ಸಹಾಯಕ ಅಲಿಸ್ಟೇರ್ ಟೇಲರ್ ಜೊತೆ ನೆಲಮಾಳಿಗೆಗೆ ಇಳಿದ. ಇದು ಬ್ರಯಾನ್ ಹೇಳುವ ಕಥೆ.

ಇದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯಗಳಿವೆ. ಬಿಲ್ ಹ್ಯಾರಿ ಎಂಬ ತರುಣ ಅದೇ ವರ್ಷದ ಜುಲೈಯಲ್ಲಿ 'ಮರ್ಸಿ ಬೀಟ್' ಎಂಬ ಸ್ಥಳೀಯ ಸಂಗೀತ ಪತ್ರಿಕೆ ಶುರುಮಾಡಿದ್ದ. ಅದು ನೆಮ್ಸ್‌ನಲ್ಲಿ ಮಾರಾಟಕ್ಕಿತ್ತು. ಬೀಟಲ್ಸ್ ಹ್ಯಾಂಬರ್ಗ್‌ನಲ್ಲಿ ರೆಕಾರ್ಡಿಂಗ್ ಮಾಡಿದ ಸುದ್ದಿ ಎರಡನೆಯ ಸಂಚಿಕೆಯ ಮುಖಪುಟದಲ್ಲೇ ಇತ್ತು. ಆ ಸಂಚಿಕೆಯ ಹನ್ನೆರಡು ಡಜನ್ ಪ್ರತಿಗಳನ್ನು ಬ್ರಯಾನ್ ತರಿಸಿಕೊಂಡಿದ್ದನೆಂದು ಹ್ಯಾರಿ ಹೇಳುತ್ತಾನೆ. ಆಗಸ್ಟ್‌ನಿಂದ ಬ್ರಯಾನ್ ಸ್ವತಃ ಆ ಪತ್ರಿಕೆಯಲ್ಲಿ ಹೊಸ ರೆಕಾರ್ಡುಗಳ ಬಗ್ಗೆ ಅಂಕಣ ಬರೆಯುತ್ತಿದ್ದ. ಹಾಗಿರುವಾಗ ಅಕ್ಟೋಬರ್ ಕೊನೆಯವರೆಗೆ ಬೀಟಲ್ಸ್ ಹೆಸರೇ ಅವನ ಕಣ್ಣಿಗೆ ಬಿದ್ದಿರಲಿಲ್ಲವೆಂದರೆ ನಂಬುವುದು ಕಷ್ಟ. ಇತ್ತ ಅಲಿಸ್ಟೇರ್ ಟೇಲರ್, ರೆಕಾರ್ಡ್ ತರಿಸಲು ಒಂದು ಹೆಸರು ಬೇಕಾದ್ದರಿಂದ ಆ ಗಿರಾಕಿಯನ್ನು ತಾನೇ ಸೃಷ್ಟಿಸಿದೆ ಎಂದು ವರ್ಷಗಳ ನಂತರ ಹೇಳಿದ. ಆ ಹೆಸರಿನ ಗಿರಾಕಿ ನಿಜವಾಗಿಯೂ ಇದ್ದನೆಂದು ಆಮೇಲೆ ಖಚಿತವಾಯಿತು.

ವಾಸ್ತವಾಂಶದ ಈ ಜಗಳದಲ್ಲಿ ಯಾರು ಗೆದ್ದರೆಂಬುದಕ್ಕಿಂತ ಇನ್ನೊಂದು ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ತನ್ನ ಕಥೆಗೆ ಯಾವ ಆರಂಭವನ್ನು ಬೇಕಾದರೂ ಕೊಡಬಹುದಾಗಿದ್ದಾಗ ಬ್ರಯಾನ್ ಇದನ್ನೇ ಏಕೆ ಆರಿಸಿಕೊಂಡ? ಪತ್ರಿಕೆಯಲ್ಲಿ ಓದಿ ಕುತೂಹಲದಿಂದ ಹೋದೆ ಎಂದಿದ್ದರೆ ಅವನೊಬ್ಬ ಚತುರ ರಸಿಕನಾಗಿ ಕಾಣುತ್ತಿದ್ದ. ಅವನು ಶ್ರೇಯಸ್ಸನ್ನು ಒಬ್ಬ ಸಾಮಾನ್ಯ ಗಿರಾಕಿಯ ಕೈಗೆ ಕೊಟ್ಟ. ಆತ್ಮಕಥನಗಳಲ್ಲಿ ಲೇಖಕರು ಶ್ರೇಯಸ್ಸನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದು ರೂಢಿ. ಇಲ್ಲಿ ಅದು ತಿರುಗುಮುರುಗಾಗಿದೆ. ಅಂಗಡಿಕಾರನ ಲೋಕದೃಷ್ಟಿಯಲ್ಲಿ ಎಲ್ಲವೂ ಶುರುವಾಗುವುದು ಗಿರಾಕಿ ಬಾಯಿ ಬಿಟ್ಟು ಕೇಳಿದಾಗ. ಕೇಳಿದ್ದನ್ನು ಒದಗಿಸುವುದು ತನ್ನ ಧರ್ಮ. ಬ್ರಯಾನ್ ತನ್ನ ಬದುಕಿನ ತಿರುವನ್ನು ಈ ಧರ್ಮದ ಚೌಕಟ್ಟಿನಲ್ಲೇ ಅರ್ಥಮಾಡಿಕೊಂಡ. ಆದ್ದರಿಂದ ಘಟನೆಯ ವಿವರಗಳಲ್ಲಿ ಏನೇ ಸಡಿಲವಿರಲಿ, ಹೇಳಿದವನ ಬಗ್ಗೆ ಈ ನಿರೂಪಣೆ ನಿಜವನ್ನೇ ಹೇಳುತ್ತದೆ.

ಅಂಗಡಿ ಅಲ್ಲಿಗೆ ಕಥೆಯಿಂದ ನಿರ್ಗಮಿಸಿತೆಂದು ಭಾವಿಸಿದರೆ ಮುಂದಿನ ಘಟನೆಗಳು ಅರ್ಥವಾಗುವುದಿಲ್ಲ. ಲಿವರ್‌ಪೂಲಿನ ಅನಾಮಿಕ ತಂಡವೊಂದನ್ನು ಕೇಳಲು ಲಂಡನ್ನಿನ ಡೆಕ್ಕಾ ಕಂಪನಿ ತನ್ನ ಮನುಷ್ಯನನ್ನು ಅಲ್ಲಿಗೆ ಕಳಿಸಿದ್ದೇಕೆ? ನೆಮ್ಸ್ ಉತ್ತರ ಇಂಗ್ಲೆಂಡಿನ ದೊಡ್ಡ ರೆಕಾರ್ಡ್ ಅಂಗಡಿಗಳಲ್ಲೊಂದು, ಅಂಥ ಗಿರಾಕಿಯ ಮಾತನ್ನು ತೆಗೆದುಹಾಕುವಂತಿರಲಿಲ್ಲ ಎಂಬುದೇ ಕಾರಣ. 1962ರ ಜನವರಿ 1ರಂದು ಡೆಕ್ಕಾದಲ್ಲಿ ಪರೀಕ್ಷೆ ನಡೆಯಿತು. ಕೆಲವು ವಾರಗಳ ನಂತರ ತಿರಸ್ಕಾರದ ಉತ್ತರ ಬಂತು. ಗಿಟಾರ್ ತಂಡಗಳ ಕಾಲ ಮುಗಿಯಿತು, ಲಿವರ್‌ಪೂಲಿನಲ್ಲಿ ನಿಮ್ಮ ರೆಕಾರ್ಡ್ ವ್ಯಾಪಾರ ಚೆನ್ನಾಗಿದೆಯಲ್ಲ, ಅದನ್ನೇ ನೋಡಿಕೊಳ್ಳಿ ಎಂಬ ಅರ್ಥದ ಮಾತನ್ನು ತಾನು ಕೇಳಬೇಕಾಯಿತೆಂದು ಬ್ರಯಾನ್ ಬರೆಯುತ್ತಾನೆ. ಡೆಕ್ಕಾದ ಅಧಿಕಾರಿ ಡಿಕ್ ರೋ ಹಾಗೆ ಹೇಳಿದ್ದನ್ನು ಮುಂದೆ ನಿರಾಕರಿಸಿದ. ಮಾತು ಆಡಿದ್ದರೂ ಆಡದಿದ್ದರೂ, ಆ ವಾಕ್ಯದೊಳಗಿನ ಶ್ರೇಣೀಕರಣ ನಮಗೆ ಪರಿಚಿತ. ತಯಾರಿಸುವವರು ಮೇಲೆ, ಮಾರುವವರು ಕೆಳಗೆ. ರಾಜಧಾನಿ ಮೇಲೆ, ಬಂದರು ಪಟ್ಟಣ ಕೆಳಗೆ. ಮಾರುವವನಿಗೆ ಜನ ಏನು ಕೇಳುತ್ತಿದ್ದಾರೆಂದು ಗೊತ್ತು, ಆದರೆ ಅವನ ತಿಳಿವಳಿಕೆಯನ್ನು ತಿಳಿವಳಿಕೆಯೆಂದು ಯಾರೂ ಎಣಿಸುವುದಿಲ್ಲ.

ಮುಚ್ಚಿದ ಬಾಗಿಲನ್ನು ತೆರೆದದ್ದು ಮತ್ತೊಂದು ಅಂಗಡಿ. ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿದ್ದ ಎಚ್‌ಎಂವಿ ಮಳಿಗೆಯ ವ್ಯವಸ್ಥಾಪಕ ಬ್ರಯಾನ್‌ಗೆ ವ್ಯಾಪಾರಿ ಬಳಗದಿಂದ ಪರಿಚಿತನಾಗಿದ್ದ. ಟೇಪುಗಳಿಂದ ರೆಕಾರ್ಡ್ ಕತ್ತರಿಸಿಕೊಳ್ಳಲು 1962ರ ಫೆಬ್ರವರಿಯಲ್ಲಿ ಬ್ರಯಾನ್ ಅಲ್ಲಿಗೆ ಹೋದ. ಕತ್ತರಿಸುತ್ತಿದ್ದ ತಂತ್ರಜ್ಞನಿಗೆ ಹಾಡುಗಳು ಹಿಡಿಸಿದವು. ಅವನು ಮೇಲಿನ ಮಹಡಿಯ ಸಂಗೀತ ಪ್ರಕಾಶಕರಿಗೆ ಹೇಳಿದ, ಅಲ್ಲಿಂದ ಸುದ್ದಿ ಪಾರ್ಲೋಫೋನ್‌ನ ಜಾರ್ಜ್ ಮಾರ್ಟಿನ್‌ಗೆ ತಲುಪಿತು. ಜೂನ್ 6ರಂದು ಬೀಟಲ್ಸ್ ಇಎಂಐ ಸ್ಟುಡಿಯೋದಲ್ಲಿದ್ದರು. ಅದೇ ಜೂನ್‌ನಲ್ಲಿ ಬ್ರಯಾನ್ ತನ್ನ ಕಲಾವಿದರ ವ್ಯವಹಾರಕ್ಕಾಗಿ ಹೊಸ ಕಂಪನಿ ಕಟ್ಟಿದ. ಹೊಸ ಹೆಸರು ಹುಡುಕಲಿಲ್ಲ, ನೆಮ್ಸ್ ಎಂಟರ್‌ಪ್ರೈಸಸ್ ಎಂದಿಟ್ಟ. ತಮ್ಮ ಕ್ಲೈವ್ ಪಾಲುದಾರನಾದ.

ಇಲ್ಲಿಯವರೆಗೆ ಅಂಗಡಿಯ ಪರವಾಗಿ ಮಾತಾಡಿದ ನಾನು ಅದು ಎಲ್ಲಿ ಸೋತಿತೆಂಬುದನ್ನೂ ಹೇಳಬೇಕು. ಅಂಗಡಿಯ ನ್ಯಾಯ ಕಣ್ಣಿಗೆ ಕಾಣುವ ಸರಕಿನ ನ್ಯಾಯ. ಇಂಥ ಬೆಲೆಗೆ ತಂದದ್ದು, ಇಷ್ಟು ಲಾಭಕ್ಕೆ ಮಾರಿದ್ದು, ಕಪಾಟಿನಲ್ಲಿ ಉಳಿದದ್ದು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಅದರ ದೊಡ್ಡ ಬಂಡವಾಳ. ಆದರೆ 1963ರ ಹೊತ್ತಿಗೆ ಬ್ರಯಾನ್ ಮಾರಬೇಕಾದದ್ದು ವಸ್ತುವಲ್ಲ, ಒಂದು ಹೆಸರನ್ನು. ಆಟಿಕೆ, ಟೋಪನ್ನು, ಅಂಗಿ ಮತ್ತಿತರ ಸಾಮಾನುಗಳ ಮೇಲೆ ಬೀಟಲ್ಸ್ ಹೆಸರನ್ನು ಬಳಸುವ ಹಕ್ಕು ಅದು. ಸೆಲ್ಟೇಬ್ ಎಂಬ ಕಂಪನಿಗೆ ಆ ಹಕ್ಕನ್ನು ಒಪ್ಪಿಸಿದಾಗ ಬರುವ ಹಣದಲ್ಲಿ ಶೇ. 90ರಷ್ಟು ಆ ಕಂಪನಿಗೆ, ಶೇ. 10ರಷ್ಟು ಮಾತ್ರ ನೆಮ್ಸ್‌ಗೆ ಎಂದು ಒಪ್ಪಂದವಾಯಿತು. ಆಮೇಲೆ ಪಾಲನ್ನು ತಿದ್ದಿಸಿಕೊಂಡರೂ ವ್ಯಾಜ್ಯಗಳಲ್ಲಿ ಬಹಳ ಹಣ ಕರಗಿತು. 'ಎ ಹಾರ್ಡ್ ಡೇಸ್ ನೈಟ್' ಚಿತ್ರದ ಮಾತುಕತೆಯಲ್ಲಿ ನಿರ್ಮಾಪಕರು ಶೇ. 25ರವರೆಗೆ ಕೊಡಲು ಸಿದ್ಧರಿದ್ದಾಗ ಬ್ರಯಾನ್ ಶೇ. 7.5ಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದನಂತೆ. ಈ ಕಥೆಯನ್ನು ನಗುತ್ತ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಅಂಗಡಿಯಲ್ಲಿ ಆ ಪ್ರಮಾಣದ ಲಾಭ ಮರ್ಯಾದಸ್ಥ ಲಾಭವೇ. ಅವನು ತನ್ನ ಕಸುಬಿನ ಮಟ್ಟಗೋಲನ್ನು ಅದಕ್ಕೆ ಒಗ್ಗದ ಲೋಕಕ್ಕೆ ಒಯ್ದಿದ್ದ. ಆ ಹೊಸ ಲೋಕಕ್ಕೆ ಆಗಿನ್ನೂ ಯಾರ ಬಳಿಯೂ ಸರಿಯಾದ ಮಟ್ಟಗೋಲು ಇರಲಿಲ್ಲ ಎಂಬುದನ್ನೂ ಸೇರಿಸಬೇಕು.

ಪುಸ್ತಕದ ದೊಡ್ಡ ಮೌನದ ಬಗ್ಗೆ ಹೇಳದೆ ಈ ಓದು ಪೂರ್ತಿಯಾಗದು. ಬ್ರಯಾನ್ ಸಲಿಂಗಕಾಮಿ. ಅದು ಇಂಗ್ಲೆಂಡಿನಲ್ಲಿ ಜೈಲಿಗೆ ಕಳಿಸಬಲ್ಲ ಅಪರಾಧವಾಗಿದ್ದ ಕಾಲದಲ್ಲಿ ಪುಸ್ತಕ ಬಂತು. ಹತ್ತಿರದವರಿಗೆ ಗೊತ್ತಿತ್ತು. 'ಹುಡುಗರು ತುಂಬಿದ ನೆಲಮಾಳಿಗೆ' ಎಂದು ಜಾನ್ ಲೆನನ್ ಪುಸ್ತಕದ ಹೆಸರನ್ನೇ ತಿರುಚಿ ಚುಚ್ಚಿದ್ದು ಪ್ರಸಿದ್ಧ. ಪುಸ್ತಕದಲ್ಲಿ ಇದರ ಸುಳಿವೂ ಇಲ್ಲ, ಇರುವಂತೆಯೂ ಇರಲಿಲ್ಲ. ಬದಲಿಗೆ ಅಂಗಡಿಯಿದೆ. ಶಾಲೆಗಳಲ್ಲಿ ಅವಮಾನ, ಸೇನೆಯಲ್ಲಿ ಹೊಂದಾಣಿಕೆಯಿಲ್ಲದಿರುವಿಕೆ, ನಾಟಕಶಾಲೆಯಲ್ಲಿ ಒಂಟಿತನ ಇವುಗಳನ್ನೆಲ್ಲ ಕಾರಣ ಹೇಳದೆ ಹೇಳಿಕೊಂಡು ಬರುವ ಗದ್ಯ, ಕಪಾಟು ಜೋಡಿಸುವ, ಕಿಟಕಿ ಅಲಂಕರಿಸುವ, ನೂಲು ಕಟ್ಟುವ ಪುಟಗಳಿಗೆ ಬಂದಾಗ ಒಮ್ಮೆಲೆ ಹಗುರವಾಗುತ್ತದೆ. ಎಲ್ಲವನ್ನೂ ಅದರದರ ಜಾಗದಲ್ಲಿ ಇಡಬಹುದಾದ ಒಂದೇ ತಾಣ ಅವನಿಗೆ ಅಂಗಡಿಯಾಗಿತ್ತು. ಮನೆಯವರದಾದ ಆ ಅಂಗಡಿ ಅವನನ್ನು ಕಟ್ಟಿಹಾಕಿತ್ತು, ಪ್ರತಿ ಸೋಲಿನ ನಂತರ ಕರೆದು ಕೂಡಿಸಿಕೊಂಡೂ ಇತ್ತು. ಎರಡೂ ನಿಜ.

1967ರ ಜುಲೈಯಲ್ಲಿ ತಂದೆ ಹ್ಯಾರಿ ತೀರಿಕೊಂಡ. ಅದೇ ಜುಲೈ 27ರಂದು ವಯಸ್ಕರ ಖಾಸಗಿ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದ ಕಾಯಿದೆ ಜಾರಿಗೆ ಬಂತು. ಸರಿಯಾಗಿ ಒಂದು ತಿಂಗಳ ನಂತರ, ಆಗಸ್ಟ್ 27ರಂದು ಬ್ರಯಾನ್ ಲಂಡನ್ನಿನ ಮನೆಯಲ್ಲಿ ಸತ್ತ. ನಿದ್ರೆ ಮಾತ್ರೆಗಳ ಆಕಸ್ಮಿಕ ಮಿತಿಮೀರಿದ ಸೇವನೆಯೆಂದು ವಿಚಾರಣೆ ನಿರ್ಣಯಿಸಿತು. ಅವನಿಗಿನ್ನೂ ಮೂವತ್ತಮೂರು ತುಂಬಿರಲಿಲ್ಲ. ಕಂಪನಿಯ ಹೊಣೆ ಕ್ಲೈವ್‌ನ ಹೆಗಲಿಗೆ ಬಂತು. ಗೃಹೋಪಕರಣ ವಿಭಾಗದ ತಮ್ಮನಿಗೆ ಈ ಲೋಕ ಬೇಕಿರಲಿಲ್ಲ, ಮೇಲೆ ಮರಣ ತೆರಿಗೆಯ ಹೊರೆ. 1969ರಲ್ಲಿ ನೆಮ್ಸ್ ಎಂಟರ್‌ಪ್ರೈಸಸ್‌ನ ಬಹುಪಾಲು ಟ್ರಯಂಫ್ ಎಂಬ ಹೂಡಿಕೆ ಸಂಸ್ಥೆಯ ಪಾಲಾಯಿತು. ಅಜ್ಜ ಕುರ್ಚಿ ಮಾರಿ ಕಟ್ಟಿದ್ದು ಮೂರನೆಯ ತಲೆಮಾರಿನಲ್ಲಿ ಷೇರುಪತ್ರಗಳಾಗಿ ಕೈ ಬದಲಾಯಿಸಿತು.

ಆಮೇಲಿನ ಮರುಕಥನಗಳಲ್ಲಿ ಬ್ರಯಾನ್‌ಗೆ ಸಿಕ್ಕ ಬಿರುದುಗಳನ್ನು ಗಮನಿಸಿ. ವಿವೇಕ್ ತಿವಾರಿ 2013ರಲ್ಲಿ ಬರೆದ ಚಿತ್ರಕಾದಂಬರಿಯ ಹೆಸರು 'ದ ಫಿಫ್ತ್ ಬೀಟಲ್'. 2024ರ ಚಲನಚಿತ್ರದ ಹೆಸರು 'ಮೈಡಾಸ್ ಮ್ಯಾನ್'. ಒಂದು ಶೀರ್ಷಿಕೆ ಅವನನ್ನು ಐದನೆಯ ಕಲಾವಿದನನ್ನಾಗಿಸುತ್ತದೆ, ಇನ್ನೊಂದು ಮುಟ್ಟಿದ್ದನ್ನೆಲ್ಲ ಚಿನ್ನವಾಗಿಸುವ ದೊರೆಯನ್ನಾಗಿಸುತ್ತದೆ. ನಾವಾಗಿದ್ದರೆ ಪರುಷಮಣಿ ಎನ್ನುತ್ತಿದ್ದೆವು. ಎರಡೂ ಅವನ ಮೇಲಿನ ಪ್ರೀತಿಯಿಂದ ಹುಟ್ಟಿದವು, ಎರಡೂ ಅವನ ಕಸುಬನ್ನು ಅಳಿಸುತ್ತವೆ. ಪರುಷಮಣಿಗೆ ದಾಸ್ತಾನು ಎಣಿಸುವ ಕಷ್ಟವಿಲ್ಲ, ಗಿರಾಕಿಯ ಮಾತಿಗೆ ಕಿವಿಗೊಡುವ ಅಗತ್ಯವೂ ಇಲ್ಲ, ಮುಟ್ಟಿದರೆ ಸಾಕು. ಅವನನ್ನು ಅಂಗಡಿಕಾರ ಎಂದು ಕರೆದರೆ ಚಿಕ್ಕದು ಮಾಡಿದಂತಾಗುತ್ತದೆ ಎಂಬ ಅಳುಕು ಇಂಥ ಬಿರುದುಗಳ ಹಿಂದಿದೆ. ಆ ಅಳುಕು ಡೆಕ್ಕಾದವರು ಆಡಿದರೆನ್ನಲಾದ ಮಾತಿನ ನೆಂಟನೇ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಅಂಗಡಿಯ ಕಥೆ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಕೃತಿ, ಕರ್ತೃ, ಓದುಗ ಎಂಬ ಮೂರು ಕಂಬಗಳ ಮೇಲೆ ನಾವು ಚರ್ಚೆಯ ಚಪ್ಪರ ಹಾಕುತ್ತೇವೆ. ಕೃತಿ ಓದುಗನ ಕೈಗೆ ಹೇಗೆ ಬಂತು, ತರಿಸಿಟ್ಟವರು ಯಾರು, ಯಾವುದನ್ನು ಕೇಳಿ ಯಾವುದು ಸಿಗದೆ ಹೋಯಿತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಇಂದು ಆ ಕೆಲಸವನ್ನು ಮನುಷ್ಯರಿಲ್ಲದ ಶಿಫಾರಸು ಯಂತ್ರಗಳು ವಹಿಸಿಕೊಂಡಿವೆ. ಅವು ನಾವು ಕೇಳಿದ್ದನ್ನೇ ಮತ್ತೆ ಮತ್ತೆ ಕೊಡುವುದರಲ್ಲಿ ನಿಪುಣ. ಕೇಳಿದ್ದು ತನ್ನಲ್ಲಿಲ್ಲವೆಂದು ತಿಳಿದು, ಅದೇನಿರಬಹುದೆಂದು ಎದ್ದು ಹೊರಟು, ಬೀದಿ ದಾಟಿ ಮೆಟ್ಟಿಲಿಳಿದು ಹೋಗುವ ಕುತೂಹಲ ಅವುಗಳಿಗಿಲ್ಲ.

2022ರ ಆಗಸ್ಟ್‌ನಲ್ಲಿ ಲಿವರ್‌ಪೂಲ್ ನಗರ ಬ್ರಯಾನ್‌ನ ಕಂಚಿನ ಪ್ರತಿಮೆಯನ್ನು ಅನಾವರಣಗೊಳಿಸಿತು. ಅದಕ್ಕೆ ಆರಿಸಿದ ಜಾಗ ಕ್ಯಾವರ್ನ್ ಇರುವ ಮ್ಯಾಥ್ಯೂ ಬೀದಿಯಲ್ಲ, ಹಳೆಯ ಅಂಗಡಿಯಿದ್ದ ವೈಟ್‌ಚಾಪೆಲ್. ಅಂಗಡಿ ಹೋಗಿ ಎಷ್ಟೋ ಕಾಲವಾಗಿದೆ, ಆ ಕಟ್ಟಡದಲ್ಲಿ ಬೇರೆ ಬೇರೆ ವ್ಯಾಪಾರಗಳು ಬಂದುಹೋಗಿವೆ. ಆದರೂ ಪುಸ್ತಕಗಳು ಮತ್ತು ಚಿತ್ರಗಳು ಮಾಡದ ಕೆಲಸವನ್ನು ಆ ಊರಿನವರು ಜಾಗದ ಆಯ್ಕೆಯಲ್ಲೇ ಮಾಡಿದ್ದಾರೆ. ತಮ್ಮ ಅಪ್ಪ ಅಮ್ಮಂದಿರು ಕಂತಿನ ಮೇಲೆ ಪಿಯಾನೋ ತಂದದ್ದು, ತಾವು ಕಾಸಿಲ್ಲದೆ ಗೂಡುಗಳಲ್ಲಿ ನಿಂತು ಹಾಡು ಕೇಳಿದ್ದು ಅವರಿಗೆ ನೆನಪಿದೆ.